ಸ್ತ್ರೀಸಮಾನತೆಯ ಮಾನದಂಡ

ಪ್ರಮಾಣವಿಲ್ಲದೆ ಪ್ರಮೇಯವು ಸಿದ್ಧಿಸದೆಂಬುದು ನಮ್ಮ ಶಾಸ್ತ್ರಕಾರರೆಲ್ಲರೂ ಒಪ್ಪಿದ ಮಾತು. ಒಂದು ವಸ್ತುವು ಇರುವುದೆನ್ನಬೇಕಾದರೆ ಅದನ್ನು ಅರಿಯುವ ಸಾಧನವಿರಬೇಕು; ಸಾಧನದಲ್ಲಿ ದೋಷವಿದ್ದರೆ ಅರಿವಿನಲ್ಲಿಯೂ ದೋಷವುಂಟಾಗುವುದು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಪ್ರತ್ಯಕ್ಷವೇ ಮೊದಲಾದ ಐದು ಪ್ರಮಾಣಗಳ ಮೇಲೆ ಅನುಪಲಬ್ಧಿಯೆಂಬ ಆರನೆಯದೊಂದನ್ನು ಹೇಳುವರು. ನೆಲದ ಮೇಲೆ ಗಡಿಗೆಯು ಕಾಣದಿರುವುದರಿಂದ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯುವುದು ಇದಕ್ಕೆ ಉದಾಹರಣೆ. ಆದರೆ ಅವರು ಇದಕ್ಕೊಂದು ಕಟ್ಟನ್ನೂ ವಿಧಿಸಿರುವರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದು ಇಲ್ಲವೆಂದು ನಿಶ್ಚಯಿಸಬಹುದು. ಕತ್ತಲೆಯಲ್ಲಿ ಗಡಿಗೆಯು ಕಣ್ಣಿಗೆ ಬೀಳದಿದ್ದ ಮಾತ್ರಕ್ಕೆ ಅದು ಇಲ್ಲವೆಂದವನು ತನ್ನ ಕಣ್ಣಿನ ಕೊರತೆಯನ್ನು ಲೋಕದ ಕೊರತೆಯೆಂದು ಬಗೆದವನಾಗುವನು.

ಸ್ತ್ರೀಯರ ಸ್ಥಿತಿಗತಿಗಳನ್ನು ಅಳೆಯಲು ಅಂತರರಾಷ್ಟ್ರೀಯ ಸಂಸ್ಥೆಗಳು ಎಂಟು ದಶಕಗಳ ಕಾಲ ಪಟ್ಟ ಪ್ರಯತ್ನದ ಇತಿಹಾಸವನ್ನು ನೋಡಿದರೆ, ಈ ಹಳೆಯ ನಿಯಮದ ಬೆಲೆಯು ಚೆನ್ನಾಗಿ ಮನಗಾಣುವುದು. ಅಲ್ಲಿ ಅಳತೆಯ ಕೋಲು ಬದಲಾದಾಗಲೆಲ್ಲ, ಅದುವರೆಗೆ ಇಲ್ಲವೆಂದು ಎಣಿಸಲಾಗಿದ್ದ ಏನೋ ಒಂದು ಇದ್ದುದಾಗಿ ಕಂಡುಬಂದಿತು.

೧೯೪೫ನೆಯ ಇಸವಿ ಜೂನ್ ೨೬ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಅಂಕಿತವನ್ನು ಹಾಕಿದ ಪ್ರತಿನಿಧಿಗಳಲ್ಲಿ ಸ್ತ್ರೀಯರು ನಾಲ್ವರೇ ಇದ್ದರು. ಅವರಲ್ಲೊಬ್ಬರಾದ ಬ್ರೆಜಿಲ್ ದೇಶದ ಬರ್ತಾ ಲುಟ್ಸ್ ಮೊದಲಾದವರ ಹಟದಿಂದ ಸ್ತ್ರೀಪುರುಷರ ಸಮಾನ ಹಕ್ಕಿನ ಮಾತು ಸನ್ನದಿನಲ್ಲಿ ನೆಲೆಗೊಂಡಿತು. ಮರುವರ್ಷ ಜೂನ್ ತಿಂಗಳಲ್ಲಿ ಸ್ತ್ರೀಯರ ಸ್ಥಾನಮಾನಗಳ ಆಯೋಗವು ಸ್ಥಾಪಿತವಾಯಿತು. ಹದಿನೈದು ಮಂದಿ ಸದಸ್ಯೆಯರ ಈ ಆಯೋಗವು ೧೯೪೭ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪ್ರಾಂತದ ಲೇಕ್ ಸಕ್ಸೆಸ್ ಎಂಬಲ್ಲಿ ಮೊದಲ ಬಾರಿಗೆ ಸೇರಿತು. ಡೆನ್ಮಾರ್ಕಿನ ಬೋಡಿಲ್ ಬೆಗ್ಟ್ರುಪ್ ಅದರ ಅಧ್ಯಕ್ಷೆ. ಇದೇ ಕಾಲದಲ್ಲಿ ಮಾನವ ಹಕ್ಕುಗಳ ಆಯೋಗದಲ್ಲಿದ್ದ ಭಾರತದ ಹಂಸಾ ಮೆಹತಾ ಅವರು, ೧೯೪೮ರ ವಿಶ್ವಘೋಷಣೆಯ ಮೊದಲ ವಿಧಿಯಲ್ಲಿ ‘ಪುರುಷರೆಲ್ಲರೂ’ ಎಂಬರ್ಥವನ್ನು ಕೊಡಬಹುದಾಗಿದ್ದ ಶಬ್ದವನ್ನು ತೆಗೆಯಿಸಿ ‘ಮಾನವರೆಲ್ಲರೂ’ ಎಂಬ ಶಬ್ದವನ್ನು ಇರಿಸುವಂತೆ ಮಾಡಿದರು.

ಆಯೋಗವು ಕೈಗೆತ್ತಿಕೊಂಡ ಮೊದಲ ಅಳತೆಗೋಲು ಶಾಸನವೇ. ಅದು ಆಯಾ ದೇಶಗಳ ಸರಕಾರಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿತು. ನಿಮ್ಮಲ್ಲಿ ಸ್ತ್ರೀಯರಿಗೆ ಮತದಾನವುಂಟೆ? ಪರದೇಶದವನನ್ನು ವರಿಸಿದವಳ ಪೌರತ್ವವು ಏನಾಗುವುದು? ಈ ಬಗೆಯ ವಿಚಾರಣೆಯ ಫಲವಾಗಿ ೧೯೫೨ರಲ್ಲಿ ಸ್ತ್ರೀಯರ ರಾಜಕೀಯ ಹಕ್ಕುಗಳ ಒಡಂಬಡಿಕೆಯೂ, ೧೯೫೭ರಲ್ಲಿ ವಿವಾಹಿತ ಸ್ತ್ರೀಯರ ರಾಷ್ಟ್ರೀಯತೆಯ ಒಡಂಬಡಿಕೆಯೂ ಹುಟ್ಟಿದುವು. ಆ ಕಾಲಕ್ಕೆ ಇದು ತಕ್ಕ ಮಾರ್ಗವೇ ಆಗಿದ್ದಿತು. ಆದರೆ ಗ್ರಂಥದಲ್ಲಿರುವ ಶಾಸನವು ಗೃಹದಲ್ಲಿ ನಡೆಯುವುದೋ ಇಲ್ಲವೋ ಎಂಬುದನ್ನು ಸರಕಾರದ ಉತ್ತರಪತ್ರಿಕೆಯು ತಿಳಿಸಲಾರದು.

ಎರಡನೆಯ ಅಳತೆಗೋಲು ದುಡಿಮೆಯ ಲೆಕ್ಕ. ೧೯೭೦ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೊಸೆರುಪ್ ಪ್ರಕಟಿಸಿದ ಗ್ರಂಥವೊಂದು, ಆಫ್ರಿಕಾ ಖಂಡದ ಅನೇಕ ಭಾಗಗಳಲ್ಲಿ ಬೇಸಾಯದ ಬಹುಪಾಲು ಸ್ತ್ರೀಯರ ಕೈಯಲ್ಲಿಯೇ ಇದ್ದರೂ, ಹೊಸ ಉಪಕರಣಗಳೂ ಹೊಸ ವಿದ್ಯೆಯೂ ಪುರುಷರಿಗೆ ಮಾತ್ರ ಸಲ್ಲುತ್ತಿದ್ದುವೆಂದು ತೋರಿಸಿತು. ಅಭಿವೃದ್ಧಿಯ ಯೋಜನೆಗಳನ್ನು ರಚಿಸಿದವರ ಕಣ್ಣಿಗೆ ರೈತನು ಬಿದ್ದನು, ರೈತಗಿತ್ತಿಯು ಬೀಳಲಿಲ್ಲ.

ಈ ವಿಷಯದಲ್ಲಿ ಕನ್ನಡನಾಡಿಗೆ ಸೇರಿದ ಒಂದು ಹೆಸರನ್ನು ನೆನೆಯುವುದು ಉಚಿತ. ೧೯೩೩ರಲ್ಲಿ ಮೈಸೂರಿನಲ್ಲಿ ಜನಿಸಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರೂ ಅವರ ಸಹೋದ್ಯೋಗಿಗಳೂ ಆ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳಗಳ ಕೆಲವು ಹಳ್ಳಿಗಳಲ್ಲಿ ಜನರ ಹೊತ್ತು ಹೇಗೆ ವ್ಯಯವಾಗುವುದೆಂಬುದನ್ನು ಪರೀಕ್ಷಿಸಿದರು. ಲೆಕ್ಕಿಗನು ಬಂದು ‘ನಿನ್ನ ಕಸುಬೇನು?’ ಎಂದು ಕೇಳಿದರೆ, ‘ಮನೆಗೆಲಸ’ವೆಂಬ ಉತ್ತರವು ಬರುವುದು, ಕಾಗದದಲ್ಲಿ ಅವಳು ನಿರುದ್ಯೋಗಿನಿಯಾಗುವಳು. ಆದರೆ ಬೆಳಗಿನಿಂದ ರಾತ್ರಿಯವರೆಗೆ ಅವಳು ಮಾಡಿದ ಕೆಲಸಗಳನ್ನು ಕಣ್ಣಾರೆ ಕಂಡು ಬರೆದುಕೊಂಡಾಗ, ದುಡಿಮೆಯಿಲ್ಲದವರೆಂದು ಲೆಕ್ಕಕ್ಕೆ ಬಂದಿದ್ದ ಎಷ್ಟೋ ಮಂದಿ ಸ್ತ್ರೀಯರು ನಿಜವಾಗಿ ದುಡಿಯುವವರೆಂದು ತಿಳಿದುಬಂದಿತು. ಗಡಿಗೆಯು ಅಲ್ಲಿಯೇ ಇದ್ದಿತು, ದೀಪವಿರಲಿಲ್ಲ.

೧೯೭೫ರಲ್ಲಿ ಮೆಕ್ಸಿಕೋ ನಗರದಲ್ಲಿ ಸ್ತ್ರೀಯರ ಮೊದಲ ವಿಶ್ವಸಮ್ಮೇಳನವು ನಡೆಯಿತು. ಅದರ ಮರುವರ್ಷ ಸ್ತ್ರೀದಶಕದ ನಿಮಿತ್ತ ಒಂದು ಸ್ವಯಂದತ್ತ ನಿಧಿಯು ಏರ್ಪಟ್ಟಿತು. ಮಹಾಸಭೆಯ ೧೯೮೪ರ ನಿರ್ಣಯದಂತೆ ಇದೇ ನಿಧಿಯು ಮುಂದೆ ಯೂನಿಫೆಂ ಎಂಬ ಸಂಸ್ಥೆಯಾಯಿತು. ಈಗ ಅಳೆಯಬೇಕಾದುದು ಲೋಕದ ಸ್ಥಿತಿಯೊಂದೇ ಆಗಿ ಉಳಿಯಲಿಲ್ಲ. ತಾನು ವೆಚ್ಚಮಾಡಿದ ಹಣದಿಂದ ಏನು ಫಲವಾಯಿತೆಂದು ಸಂಸ್ಥೆಯು ದಾನಿಗಳಿಗೂ ಸ್ತ್ರೀಯರಿಗೂ ಹೇಳಬೇಕಾಯಿತು. ಅಮೆರಿಕದ ನೆರವಿನ ಇಲಾಖೆಗಾಗಿ ೧೯೬೯ರ ಸುಮಾರಿಗೆ ರಚಿತವಾಗಿದ್ದ ತರ್ಕಪಟ್ಟಿಕೆಯ ಕ್ರಮವು ಅಷ್ಟರಲ್ಲಿ ಅಂತರರಾಷ್ಟ್ರೀಯ ಕಾರ್ಯಕ್ಷೇತ್ರದಲ್ಲಿ ಹಬ್ಬತೊಡಗಿದ್ದಿತು. ಹಾಕಿದ ಬಂಡವಾಳ, ಅದರಿಂದ ನಡೆದ ಕೆಲಸ, ಕೆಲಸದಿಂದಾದ ಪ್ರಯೋಜನ, ಪ್ರಯೋಜನದಿಂದ ಸಾಧಿಸಿದ ಪರಮೋದ್ದೇಶ ಎಂದು ಮೆಟ್ಟಲು ಮೆಟ್ಟಲಾಗಿ ಬರೆಯುವುದು ಇದರ ರೀತಿ.

ಈ ಕ್ರಮದ ಗುಣವೂ ದೋಷವೂ ಒಂದು ಕಲ್ಪಿತ ದೃಷ್ಟಾಂತದಿಂದ ಸ್ಪಷ್ಟವಾಗುವುವು. ಒಂದು ಊರಿನಲ್ಲಿ ನಲವತ್ತು ಮಂದಿ ಸ್ತ್ರೀಯರಿಗೆ ಹೊಲಿಗೆಯನ್ನು ಕಲಿಸಿ ನಲವತ್ತು ಯಂತ್ರಗಳನ್ನು ಕೊಟ್ಟರೆಂದಿಟ್ಟುಕೊಳ್ಳೋಣ. ಯಂತ್ರಗಳ ಲೆಕ್ಕ ಸುಲಭ. ಹಾಜರಿಯ ಲೆಕ್ಕವೂ ಸುಲಭ. ಆದರೆ ಬಂದ ಸಂಪಾದನೆಯು ಯಾರ ಕೈಯಲ್ಲಿ ಉಳಿಯಿತು? ಹೊಲಿಗೆಯ ಹೊತ್ತಿನಲ್ಲಿ ಕೂಸನ್ನು ನೋಡಿಕೊಂಡವರು ಯಾರು? ಹಿರಿಯ ಮಗಳು ಶಾಲೆಯನ್ನು ಬಿಟ್ಟಳೆ? ಮೊದಲ ಎರಡು ಅಂಕಣಗಳು ತುಂಬಿದ ಬಳಿಕ ಕಾರ್ಯವು ಸಫಲವಾಯಿತೆಂದು ಬರೆಯುವುದು, ಉಪನಯನವಾದೊಡನೆ ವಟುವು ವೇದಪಾರಂಗತನಾದನೆಂದು ಹೇಳಿದಂತಾಗುವುದು.

ಅಳತೆಯ ಅಭಾವದಂತೆಯೇ ಅಳತೆಯ ಅತ್ಯುತ್ಸಾಹವೂ ಅಪಾಯಕರ. ೧೯೮೦ರ ಕೋಪನ್‌ಹೇಗನ್ ಸಮ್ಮೇಳನದ ಕಾರ್ಯಯೋಜನೆಯಲ್ಲಿ ಒಂದು ವಾಕ್ಯವಿದ್ದಿತು. ಲೋಕದ ದುಡಿಮೆಯ ಹೊತ್ತಿನಲ್ಲಿ ಮೂರನೆಯ ಎರಡು ಪಾಲು ಸ್ತ್ರೀಯರದು. ಆದಾಯದಲ್ಲಿ ಹತ್ತನೆಯ ಒಂದು ಪಾಲು. ಆಸ್ತಿಯಲ್ಲಿ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಎಂಬುದು ಅದರ ತಾತ್ಪರ್ಯ. ಈ ವಾಕ್ಯವು ಭಾಷಣದಿಂದ ಭಾಷಣಕ್ಕೆ, ಭಿತ್ತಿಪತ್ರದಿಂದ ಭಿತ್ತಿಪತ್ರಕ್ಕೆ ಸಂಚರಿಸಿತು. ಮುಂದೆ ವಿಮರ್ಶಕರು ಅದರ ಮೂಲವನ್ನು ಶೋಧಿಸಿದಾಗ, ಆ ಅಂಕಿಗಳಿಗೆ ದೃಢವಾದ ಆಧಾರವಿಲ್ಲವೆಂದು ತಿಳಿಯಿತು. ಅನ್ಯಾಯವು ನಿಜವಾಗಿದ್ದಾಗ ಅಂಕಿಯೂ ನಿಜವಾಗಿರುವುದು ಮತ್ತಷ್ಟು ಆವಶ್ಯಕ. ಒಂದು ಸಡಿಲ ಅಂಕಿಯು ನೂರು ಸತ್ಯಗಳ ಮೇಲೆ ಸಂಶಯವನ್ನು ತರುವುದು.

೧೯೮೪ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ನಾನಾ ದೇಶಗಳ ವಿದುಷಿಯರು ಸೇರಿದ ಸಭೆಯೊಂದರಿಂದ ‘ಡಾನ್’ ಎಂಬ ಬಳಗವು ಉದಯಿಸಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಬಡ ಸ್ತ್ರೀಯರ ಕಡೆಯಿಂದ ನಿಂತು ಅಭಿವೃದ್ಧಿಯನ್ನು ನೋಡಬೇಕೆಂಬುದು ಅದರ ಪಕ್ಷ. ಮರುವರ್ಷ ನೈರೋಬಿಯ ಸಮ್ಮೇಳನದ ಸಂದರ್ಭದಲ್ಲಿ ಅದರ ವಿಚಾರಗಳು ಲೋಕಕ್ಕೆ ತಿಳಿದುವು. ಅಭಿವೃದ್ಧಿಯಲ್ಲಿ ಎಷ್ಟು ಮಂದಿ ಸ್ತ್ರೀಯರು ಸೇರಿದರೆಂಬ ಪ್ರಶ್ನೆಯ ಹಿಂದೆ, ಆ ಅಭಿವೃದ್ಧಿಯು ಎಂತಹದೆಂಬ ಪ್ರಶ್ನೆಯೂ ಬಂದು ನಿಂತಿತು. ನ್ಯೂಜಿಲೆಂಡಿನ ಶಾಸನಸಭೆಯಲ್ಲಿದ್ದ ಮೆರಿಲಿನ್ ವೇರಿಂಗ್ ೧೯೮೮ರಲ್ಲಿ ಬರೆದ ಪುಸ್ತಕವು, ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಸ್ತ್ರೀಯರ ಸಂಬಳವಿಲ್ಲದ ದುಡಿಮೆಗೆ ಸೊನ್ನೆಯ ಬೆಲೆಯಿರುವುದನ್ನು ಖಂಡಿಸಿತು. ೧೯೯೩ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಲೆಕ್ಕಗಳ ಪದ್ಧತಿಯು ಮನೆಯ ಬಳಕೆಗಾಗಿ ನೀರು ಹೊರುವುದು, ಸೌದೆ ತರುವುದು ಮೊದಲಾದುವನ್ನು ಉತ್ಪಾದನೆಯ ಎಲ್ಲೆಯೊಳಗೆ ಸೇರಿಸಿತು. ಆದರೆ ಅಡಿಗೆ, ಶಿಶುಪಾಲನೆ, ರೋಗಿಗಳ ಶುಶ್ರೂಷೆ ಹೊರಗೇ ಉಳಿದುವು. ಉಳಿದ ಆ ಭಾಗವು ಎಷ್ಟು ದೊಡ್ಡದೆಂಬುದಕ್ಕೆ ಭಾರತ ಸರಕಾರದ ೨೦೧೯ರ ಕಾಲವಿನಿಯೋಗ ಸಮೀಕ್ಷೆಯೇ ಸಾಕ್ಷಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಸ್ತ್ರೀಯು ದಿನವೊಂದಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ, ಪುರುಷನು ೯೭ ನಿಮಿಷಗಳನ್ನೂ ಕಳೆಯುವರೆಂದು ಅದು ತಿಳಿಸಿತು.

೧೯೯೫ರ ಬೀಜಿಂಗ್ ಸಮ್ಮೇಳನದಲ್ಲಿ ೧೮೯ ರಾಷ್ಟ್ರಗಳು ಹನ್ನೆರಡು ಕ್ಷೇತ್ರಗಳ ಕಾರ್ಯವೇದಿಕೆಯನ್ನು ಒಪ್ಪಿದುವು. ಸ್ತ್ರೀಪುರುಷರ ಅಂಕಿಅಂಶಗಳನ್ನು ಬೇರೆ ಬೇರೆಯಾಗಿ ಕೂಡಿಸಬೇಕೆಂಬುದೂ ಅದರಲ್ಲೊಂದು ಸಂಕಲ್ಪ. ಅದೇ ವರ್ಷ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ತಮ್ಮ ವರದಿಯಲ್ಲಿ ಎರಡು ಸೂಚ್ಯಂಕಗಳನ್ನು ಹೊರತಂದರು. ಅವುಗಳಲ್ಲೊಂದು ಶಾಸನಸಭೆಯ ಸ್ಥಾನಗಳನ್ನೂ ಹಿರಿಯ ಅಧಿಕಾರಗಳನ್ನೂ ಗಳಿಕೆಯನ್ನೂ ಎಣಿಸುತ್ತಿದ್ದಿತು. ಆದುದರಿಂದ ಅದು ನಗರದ ಸುಶಿಕ್ಷಿತೆಯರ ಮುನ್ನಡೆಯನ್ನು ತೋರಿಸಿದಷ್ಟು ಹೊಲದ ಕೂಲಿಯವಳ ಪಾಡನ್ನು ತೋರಿಸಲಿಲ್ಲ. ೨೦೧೦ರಲ್ಲಿ ಅವುಗಳ ಕೊರತೆಗಳನ್ನು ಒಪ್ಪಿ, ತಾಯಂದಿರ ಮರಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬೇರೊಂದು ಸೂಚ್ಯಂಕವನ್ನು ರಚಿಸಿದರು. ಇದರ ನಡುವೆ ಬಂದ ಸಹಸ್ರಮಾನದ ಗುರಿಗಳಲ್ಲಿ ಮೂರನೆಯದು ಸ್ತ್ರೀಸಮಾನತೆಯೆಂಬ ವಿಶಾಲವಾದ ಹೆಸರನ್ನು ಹೊತ್ತಿದ್ದರೂ, ಅದರ ಕೆಳಗೆ ನಿಗದಿಯಾದ ಲಕ್ಷ್ಯವು ಶಾಲೆಗಳಲ್ಲಿ ಹುಡುಗ ಹುಡುಗಿಯರ ಅಂತರವನ್ನು ನೀಗುವುದೊಂದೇ. ಹುಡುಗರು ಶಾಲೆಯನ್ನು ಬಿಟ್ಟರೂ ಅಂತಹ ಅಂತರವು ಕಡಿಮೆಯಾಗುವುದೆಂಬುದನ್ನು ಯಾವ ಉಪಾಧ್ಯಾಯನಾದರೂ ಬಲ್ಲನು.

೨೦೧೦ರ ಜುಲೈ ೨ರಂದು ಮಹಾಸಭೆಯು ಯೂನಿಫೆಂ ಮೊದಲಾದ ನಾಲ್ಕು ಅಂಗಸಂಸ್ಥೆಗಳನ್ನು ಒಂದುಗೂಡಿಸಿ ಯು. ಎನ್. ವಿಮೆನ್ ಎಂಬ ಸಂಸ್ಥೆಯನ್ನು ನಿರ್ಮಿಸಿತು. ಚಿಲಿ ದೇಶದ ಅಧ್ಯಕ್ಷೆಯಾಗಿದ್ದ ಮಿಶೆಲ್ ಬಾಚೆಲೆಟ್ ಅದರ ಮೊದಲ ಮುಖ್ಯ ನಿರ್ದೇಶಕಿ. ಈ ಸಂಸ್ಥೆಯು ೨೦೧೨ರಲ್ಲಿ ಮೌಲ್ಯಮಾಪನ ನೀತಿಯೊಂದನ್ನು ಪ್ರಕಟಿಸಿ, ಕಾರ್ಯನಿರ್ವಾಹಕರಿಂದ ಸ್ವತಂತ್ರವಾಗಿರುವ ಮೌಲ್ಯಮಾಪಕರನ್ನು ಇರಿಸಿಕೊಂಡಿತು. ಧನಿಕ ರಾಷ್ಟ್ರಗಳ ನೆರವಿನ ಸಮಿತಿಯು ೧೯೯೧ರಲ್ಲಿ ಹೇಳಿದ ಔಚಿತ್ಯ, ಫಲಸಾಧನೆ, ಮಿತವ್ಯಯ, ಪರಿಣಾಮ, ಸ್ಥಾಯಿತ್ವ ಎಂಬ ಐದು ಒರೆಗಲ್ಲುಗಳ ಜೊತೆಗೆ, ಸ್ತ್ರೀಸಮಾನತೆಯನ್ನೂ ಮಾನವ ಹಕ್ಕನ್ನೂ ಒರೆಗಲ್ಲುಗಳಾಗಿ ಇಲ್ಲಿ ಬಳಸುವರು. ಮೌಲ್ಯಮಾಪನದ ವರದಿಗಳನ್ನೇ ಹೊರಗಿನ ಪರೀಕ್ಷಕರಿಗೆ ಒಪ್ಪಿಸಿ ಅವುಗಳ ಗುಣವನ್ನು ಶ್ರೇಣೀಕರಿಸುವ ವ್ಯವಸ್ಥೆಯೂ ಉಂಟು. ವರದಿಗಳೂ, ಅವುಗಳಿಗೆ ಅಧಿಕಾರಿಗಳು ಕೊಟ್ಟ ಉತ್ತರಗಳೂ ಸಾರ್ವಜನಿಕವಾಗಿ ಪ್ರಕಟವಾಗುವುವು. ಪರೀಕ್ಷಕನನ್ನೂ ಪರೀಕ್ಷಿಸುವ ಈ ಪದ್ಧತಿಯು ಶ್ಲಾಘ್ಯವಾದುದು.

ಆದರೂ ಇಂತಹ ಸಂಸ್ಥೆಯ ಕಾರ್ಯವನ್ನು ಅಳೆಯುವಲ್ಲಿ ಒಂದು ವಿಶೇಷವಾದ ತೊಡಕಿದೆ. ಒಂದು ದೇಶದಲ್ಲಿ ಗೃಹಹಿಂಸೆಯನ್ನು ತಡೆಯುವ ಶಾಸನವು ಬಂದಿತೆಂದರೆ, ಅದಕ್ಕೆ ಆ ದೇಶದ ಸ್ತ್ರೀಸಮಾಜಗಳ ವರುಷಗಳ ಹೋರಾಟವೂ, ವಕೀಲರ ಶ್ರಮವೂ, ಶಾಸಕರ ಮನಸ್ಸೂ ಕಾರಣ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಅಂತರರಾಷ್ಟ್ರೀಯ ಸಂಸ್ಥೆಯು ಅಲ್ಲಿ ಸಹಕಾರಿಕಾರಣ ಮಾತ್ರ. ಆದುದರಿಂದಲೇ ಬಲ್ಲ ಮೌಲ್ಯಮಾಪಕರು ‘ಇದು ನಮ್ಮಿಂದಾಯಿತೆ?’ ಎಂದು ಕೇಳದೆ, ‘ಇದರಲ್ಲಿ ನಮ್ಮ ಪಾಲೇನು?’ ಎಂದು ಕೇಳುವರು. ಅಭಿವೃದ್ಧಿ ಕಾರ್ಯಕ್ರಮದ ಮೌಲ್ಯಮಾಪಕರು ೨೦೧೫ರಲ್ಲಿ ಬಳಕೆಗೆ ತಂದ ಐದು ಮೆಟ್ಟಲಿನ ಮಾಪಕವೂ ಇಂತಹ ವಿವೇಕದ ಫಲವೇ. ಸ್ತ್ರೀಯರಿಗೆ ಕೇಡು ಮಾಡಿದ ಕಾರ್ಯ, ಅವರನ್ನು ಗಮನಿಸದ ಕಾರ್ಯ, ತಲೆಗಳನ್ನು ಮಾತ್ರ ಎಣಿಸಿದ ಕಾರ್ಯ, ಅವರ ಆವಶ್ಯಕತೆಗೆ ಒದಗಿದ ಕಾರ್ಯ, ಅಸಮಾನತೆಯ ಬೇರನ್ನೇ ಸಡಿಲಿಸಿದ ಕಾರ್ಯ ಎಂದು ಅದು ವಿಂಗಡಿಸುವುದು. ನಲವತ್ತು ಯಂತ್ರಗಳ ಲೆಕ್ಕವು ಇದರಲ್ಲಿ ಮೂರನೆಯ ಮೆಟ್ಟಲಿನಲ್ಲಿಯೇ ನಿಲ್ಲುವುದು.

ಈ ವಿಚಾರವು ಪಂಡಿತರ ಚರ್ಚೆಯಾಗಿ ಮುಗಿಯತಕ್ಕುದಲ್ಲ. ಲೆಕ್ಕಕ್ಕೆ ಬಾರದ ದುಡಿಮೆಗೆ ಆಯವ್ಯಯಪತ್ರದಲ್ಲಿ ಕಾಸು ಬಾರದು. ಲೆಕ್ಕಕ್ಕೆ ಸುಲಭವಾದುದಕ್ಕೆ ಮಾತ್ರ ಹಣವು ಹರಿದರೆ, ನಿಧಾನವಾಗಿ ಬೇರೂರುವ ಕಾರ್ಯಗಳು ಬಾಡುವುವು. ಎರಡು ಮೂರು ವರ್ಷಗಳ ಯೋಜನೆಯ ಕೊನೆಯಲ್ಲಿ ನೂರಾರು ವರ್ಷಗಳ ರೂಢಿಯು ಬದಲಾಯಿತೆಂದು ತೋರಿಸಬೇಕೆಂಬ ಒತ್ತಾಯವು ಪ್ರಾಮಾಣಿಕರನ್ನೂ ಅತಿಶಯೋಕ್ತಿಗೆ ಎಳೆಯುವುದು. ಈ ಎರಡು ಕೇಡುಗಳಿಗೂ ಮದ್ದು ಶಬ್ದಪ್ರಮಾಣವನ್ನು ಕುರಿತ ನಮ್ಮವರ ವಿಚಾರದಲ್ಲಿದೆ. ವಿಷಯವನ್ನು ಯಥಾರ್ಥವಾಗಿ ಬಲ್ಲವರ, ಬಲ್ಲುದನ್ನು ಮರೆಮಾಚದೆ ಹೇಳುವವರ ಮಾತು ಆಪ್ತವಾಕ್ಯ. ಸ್ತ್ರೀಯ ದಿನಚರಿಯ ವಿಷಯದಲ್ಲಿ ಸ್ತ್ರೀಗಿಂತಲೂ ಆಪ್ತರು ಯಾರು? ವಿಶ್ವಸಂಸ್ಥೆಯ ಮೌಲ್ಯಮಾಪಕರ ಬಳಗವು ೨೦೧೧ರಲ್ಲಿ ಹೊರಡಿಸಿದ ಕೈಪಿಡಿಯೂ, ಕಾರ್ಯಕ್ರಮವು ಯಾರಿಗಾಗಿ ನಡೆಯಿತೋ ಅವರನ್ನೇ ಮೌಲ್ಯಮಾಪನದಲ್ಲಿ ಪಾಲುಗೊಳಿಸಬೇಕೆಂದು ವಿಧಿಸಿತು.

ಪ್ರಶ್ನಾವಳಿಯಿಂದ ಸಮೀಕ್ಷೆಗೆ, ಸಮೀಕ್ಷೆಯಿಂದ ಸೂಚ್ಯಂಕಕ್ಕೆ, ಸೂಚ್ಯಂಕದಿಂದ ಮೌಲ್ಯಮಾಪನಕ್ಕೆ ಬಂದ ಈ ದಾರಿಯಲ್ಲಿ ಪ್ರತಿಯೊಂದು ಸುಧಾರಣೆಯೂ, ಅಳೆಯಲ್ಪಡುವವಳನ್ನು ಅಳೆಯುವವರ ಪಂಕ್ತಿಗೆ ಒಂದು ಹೆಜ್ಜೆ ಹತ್ತಿರ ತಂದಿತು. ಮುಂದೆ ಬರುವ ವರದಿಗಳನ್ನು ಓದುವವರು, ಅವುಗಳಲ್ಲಿರುವ ಅಂಕಿಗಳೆಷ್ಟೆಂದು ನೋಡುವುದಕ್ಕೆ ಮುಂಚೆ, ಹೊಲದಲ್ಲಿ ಕಳೆ ಕೀಳುವವಳೊಬ್ಬಳಿಗೆ ಅದನ್ನು ಅವಳ ಭಾಷೆಯಲ್ಲಿ ಓದಿ ಹೇಳಿದರೆ ‘ಇದು ನನ್ನ ಬಾಳೇ ಸರಿ’ ಎಂದು ಅವಳು ಒಪ್ಪುವಳೋ ಇಲ್ಲವೋ ಎಂಬುದನ್ನು ವಿಚಾರಿಸುವುದು ಲೇಸು.