25 ಪೈಸೆ ಅಂದ್ರೆ ಗೆಲುವು ಗ್ಯಾರಂಟಿನಾ? ಬೆಟ್ಟಿಂಗ್ ದರವನ್ನು ಸಾಧ್ಯತೆಯಾಗಿ ಓದುವ ಲೆಕ್ಕ

ಚುನಾವಣೆ ಹತ್ತಿರ ಬಂದಾಗೆಲ್ಲ ನನ್ನ ವಾಟ್ಸಾಪಿಗೆ ಒಂದು ಫಾರ್ವರ್ಡ್ ಬಂದೇ ಬರುತ್ತೆ: "ಸಟ್ಟಾ ಬಜಾರಲ್ಲಿ ನಮ್ಮೋರ ರೇಟು 25 ಪೈಸೆ, ಗೆಲುವು ಗ್ಯಾರಂಟಿ." 25 ಪೈಸೆ ಅಂದ್ರೆ ಏನು ಅಂತ ತಿರುಗಿ ಕೇಳಿದರೆ ಉತ್ತರ ಇರಲ್ಲ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ಕಾನೂನು ತಂದು ನಿಷೇಧಿಸಿದೆ. ಬೆಟ್ ಕಟ್ಟೋದನ್ನ ಕಲಿಸೋದು ಈ ಲೇಖನದ ಉದ್ದೇಶ ಅಲ್ಲ. ಆದರೆ ಈ ಅಂಕಿಗಳು ಸುದ್ದಿಯಾಗಿ ನಮ್ಮ ಮುಂದೆ ಬರ್ತಾನೇ ಇರುತ್ತವೆ. ಓದೋಕೆ ಬಂದರೆ ಮೋಸ ಹೋಗೋದು ತಪ್ಪುತ್ತೆ.

ದರ ಬರೆಯುವ ನಾಲ್ಕು ರೀತಿ

ಡೆಸಿಮಲ್: 1ನ್ನು ದರದಿಂದ ಭಾಗಿಸಿ. ದರ 1.60 ಇದ್ದರೆ 1 ÷ 1.60 = ಶೇ 62.5.

ಬ್ರಿಟಿಷ್ ಭಿನ್ನರಾಶಿ: ಕೆಳಗಿನ ಅಂಕಿಯನ್ನು ಎರಡರ ಮೊತ್ತದಿಂದ ಭಾಗಿಸಿ. 4/1 ಅಂದರೆ 1 ÷ 5 = ಶೇ 20. 2015-16ರ ಪ್ರೀಮಿಯರ್ ಲೀಗ್ ಶುರುವಾದಾಗ ಲೆಸ್ಟರ್ ಸಿಟಿಗೆ 5000/1 ದರ ಇತ್ತು. ಅಂದರೆ ಶೇ 0.02. ಅವರೇ ಕಪ್ ಗೆದ್ದರು.

ಅಮೆರಿಕನ್: -150 ಇದ್ದರೆ 150 ÷ 250 = ಶೇ 60. +200 ಇದ್ದರೆ 100 ÷ 300 = ಶೇ 33.3.

ನಮ್ಮ ಪೈಸೆ ಲೆಕ್ಕ: 1 ರೂಪಾಯಿ ಕಟ್ಟಿ ಗೆದ್ದರೆ ಸಿಗುವ ಲಾಭ ಅದು. 25 ಪೈಸೆ ಅಂದರೆ 1 ÷ 1.25 = ಶೇ 80. ಪೈಸೆ ಕಮ್ಮಿಯಾದಷ್ಟೂ ಗೆಲ್ಲುವ ಸಾಧ್ಯತೆ ಜಾಸ್ತಿ ಅಂತ ಬಜಾರು ನಂಬಿದೆ ಎಂದರ್ಥ.

ಸೋಲಿನ ಸಾಧ್ಯತೆ ಬೇಕಾದರೆ 100ರಿಂದ ಕಳೆಯಿರಿ. ಶೇ 80ರ ಬೆನ್ನಿಗೆ ಶೇ 20ರ ಸೋಲು ಕೂತಿರುತ್ತೆ, ಅಂದರೆ ಐದರಲ್ಲಿ ಒಂದು.

ಬುಕ್ಕಿಯ ಪಾಲು

ಇಬ್ಬರೇ ಕಣದಲ್ಲಿದ್ದಾರೆ, ದರ 1.60 ಮತ್ತು 2.30 ಅಂದುಕೊಳ್ಳಿ. ಸಾಧ್ಯತೆ ಶೇ 62.5 ಮತ್ತು ಶೇ 43.5, ಕೂಡಿದರೆ 106. ನೂರಕ್ಕಿಂತ ಹೆಚ್ಚಾದ ಆ 6 ಬುಕ್ಕಿಯ ಪಾಲು. ನಿಜವಾದ ಅಂದಾಜು ಬೇಕಿದ್ದರೆ ಎರಡನ್ನೂ 1.06ರಿಂದ ಭಾಗಿಸಿ: ಸುಮಾರು ಶೇ 59 ಮತ್ತು ಶೇ 41. 'ಶೇ 62' ಅಂತ ಹೆಡ್‌ಲೈನ್ ಕೊಡುವವರು ಈ ಹೆಜ್ಜೆಯನ್ನೇ ಬಿಟ್ಟುಬಿಡ್ತಾರೆ.

ಐದು 'ಗ್ಯಾರಂಟಿ'ಗಳು

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಒಬ್ಬ 25 ಪೈಸೆಯ ಐದು ಮ್ಯಾಚ್ ಒಟ್ಟಿಗೆ ಸೇರಿಸಿ ಸೆಮಿಸ್ಟರ್ ಫೀಸನ್ನೇ ಕಟ್ಟಿದ್ದ. "ಐದೂ ಶ್ಯೂರ್ ಮಗಾ" ಅಂದಿದ್ದ. 0.8ನ್ನು ಐದು ಸಲ ಗುಣಿಸಿದರೆ 0.33. ಮೂರರಲ್ಲಿ ಎರಡು ಪಾಲು ಸೋಲೇ. ನಾಲ್ಕು ಗೆದ್ದ, ಐದನೇದು ಕೈಕೊಟ್ಟಿತು. ನನಗೂ ಆ ಗುಣಾಕಾರ ಗೊತ್ತಿತ್ತು, ಆದರೆ ಅವನ ಮುಂದೆ ಕೂತು ಮಾಡಿ ತೋರಿಸಲಿಲ್ಲ. ಆ ಬೇಜಾರು ಇವತ್ತಿಗೂ ಇದೆ.

ದುಡ್ಡಿನ ತೂಕ, ಮತದ ಲೆಕ್ಕ

2016ರ ಜೂನ್ 23, ಬ್ರೆಕ್ಸಿಟ್ ಮತದಾನದ ದಿನ. ಬೆಟ್ಟಿಂಗ್ ಮಾರುಕಟ್ಟೆಯಲ್ಲಿ 'ಉಳಿಯೋಣ' ಪಕ್ಷದ ಸಾಧ್ಯತೆ ಶೇ 80ರ ಆಸುಪಾಸಿತ್ತು. ಶೇ 51.9 ಮತ ಪಡೆದು 'ಹೊರಡೋಣ' ಗೆದ್ದಿತು. ಸಂಖ್ಯೆಯಲ್ಲಿ ಹೆಚ್ಚು ಬೆಟ್ ಬಿದ್ದಿದ್ದು ಹೊರಡುವುದರ ಮೇಲೆ, ದೊಡ್ಡ ಮೊತ್ತ ಬಿದ್ದಿದ್ದು ಉಳಿಯುವುದರ ಮೇಲೆ ಅಂತ ಬುಕ್ಕಿಗಳೇ ಆಮೇಲೆ ಹೇಳಿದರು. ದರವನ್ನು ಎಳೆಯೋದು ಹಣ, ತಲೆಎಣಿಕೆ ಅಲ್ಲ. ಮತಗಟ್ಟೆಯಲ್ಲಾದರೆ ಸಾವಿರ ಕಟ್ಟಿದವನಿಗೂ ಕೋಟಿ ಕಟ್ಟಿದವನಿಗೂ ಒಂದೇ ವೋಟು.

ಹಾಗಂತ ಆ ಶೇ 80 ಸುಳ್ಳಾಗಿತ್ತು ಅಂತ ಒಂದೇ ಫಲಿತಾಂಶ ನೋಡಿ ಹೇಳೋಕಾಗಲ್ಲ. ಶೇ 20ರ ಘಟನೆಗಳೂ ನಡೆಯುತ್ತವೆ, ಐದಕ್ಕೊಂದು ಸಲ.

ಮುಂದಿನ ಸಲ ಆ ಫಾರ್ವರ್ಡ್ ಬಂದರೆ ಮೂರು ಕೆಲಸ ಮಾಡಿ: ದರವನ್ನು ಶೇಕಡಾಕ್ಕೆ ತನ್ನಿ, ಬುಕ್ಕಿಯ ಪಾಲು ಕಳೆಯಿರಿ, ಸೋಲಿನ ಅಂಕಿಯನ್ನು ಪಕ್ಕದಲ್ಲೇ ಬರೆಯಿರಿ. ಆಮೇಲೂ ಅದು ಗ್ಯಾರಂಟಿ ಅನ್ನಿಸಿದರೆ ಫಾರ್ವರ್ಡ್ ಮಾಡಿ.