ಪ್ರಳಯದ ತಾರೀಖು ಮತ್ತು ಒಂದು ನಗೆಚಿತ್ರ



ನಮ್ಮ ಮೆಣಸಗಿಯ ಸೀಮೆಯಲ್ಲಿ ಹಿಂದಿನ ತಲೆಮಾರಿನವರು ಕಾಲವನ್ನು ಇಸವಿಗಳಿಂದ ಎಣಿಸುತ್ತಿರಲಿಲ್ಲ. ಬರ, ಬೇನೆ, ಹೊಳೆ ಬಂದ ವರ್ಷ ಎಂದು ಎಣಿಸುತ್ತಿದ್ದರು. ಅಂತಹ ಗುರುತುಗಳಲ್ಲಿ ‘ಅಷ್ಟಗ್ರಹ ಕೂಟ’ವೂ ಒಂದು.

1962ರ ಫೆಬ್ರುವರಿ 3ರಿಂದ 5ರವರೆಗೆ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಈ ಎಂಟೂ ಮಕರ ರಾಶಿಯಲ್ಲಿ ಕೂಡಿದವು. 5ರಂದು ಸೂರ್ಯಗ್ರಹಣವೂ ಇತ್ತು. ಜಗತ್ತು ಮುಳುಗುವುದೆಂಬ ಸುದ್ದಿ ಹಬ್ಬಿ, ದೇಶದ ಉದ್ದಗಲಕ್ಕೂ ಹೋಮ, ಜಪ, ಭಜನೆಗಳು ನಡೆದವು. ಪ್ರಧಾನಿ ನೆಹರೂ ಈ ಭಯವನ್ನು ನಕ್ಕು ತಳ್ಳಿಹಾಕಿದರು. 6ನೆಯ ತಾರೀಖು ಎಂದಿನಂತೆಯೇ ಬೆಳಗಾಯಿತು. ಅದೇ ತಿಂಗಳ 19ರಿಂದ ಮೂರನೆಯ ಮಹಾಚುನಾವಣೆಯ ಮತದಾನವೂ ಆರಂಭವಾಯಿತು.

ಅದಾಗಿ ಒಂದು ವಾರಕ್ಕೆ, ಫೆಬ್ರುವರಿ 12ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯ ರಂಗಮಂದಿರದಲ್ಲಿ ಜಗತ್ತಿನ ಅಂತ್ಯವನ್ನೇ ಕುರಿತ ಒಂದು ನಗೆನಾಟಕ ಪ್ರದರ್ಶನಗೊಂಡಿತು. ಹೆಸರು ‘ದಿ ಬೆಡ್ ಸಿಟ್ಟಿಂಗ್ ರೂಮ್’. ಅಂದರೆ ಮಲಗುವುದಕ್ಕೂ ಕೂಡುವುದಕ್ಕೂ ಒಂದೇ ಆದ ಬಾಡಿಗೆಯ ಕೋಣೆ. ಬರೆದವರು ಜಾನ್ ಆಂಟ್ರೋಬಸ್ ಮತ್ತು ಸ್ಪೈಕ್ ಮಿಲಿಗನ್. ಮಿಲಿಗನ್ ಹುಟ್ಟಿದ್ದು 1918ರಲ್ಲಿ, ನಮ್ಮ ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ! ಈ ಎರಡು ಘಟನೆಗಳಿಗೂ ಸಂಬಂಧವೇನೂ ಇಲ್ಲ. ಆದರೆ ಒಂದೇ ತಿಂಗಳಲ್ಲಿ ಒಂದೇ ಭಯಕ್ಕೆ ಇಲ್ಲಿ ಹೋಮ, ಅಲ್ಲಿ ನಗೆ ಉತ್ತರವಾದದ್ದು ಯೋಚಿಸತಕ್ಕ ಸಂಗತಿ.

1969ರಲ್ಲಿ ರಿಚರ್ಡ್ ಲೆಸ್ಟರ್ ಇದನ್ನು ಚಲನಚಿತ್ರವಾಗಿಸಿದರು. ಅದರಲ್ಲಿ ವೈಭವದ ದೃಶ್ಯಗಳಿಲ್ಲ. ಇರುವುದು ಮುರುಕು ಸಾಮಾನುಗಳ ರಾಶಿ, ಬೋಳು ಬಯಲು. ಕಥೆಯಲ್ಲಿ ಅಣುಯುದ್ಧ ಮುಗಿಯಲು ಹಿಡಿದದ್ದು 2 ನಿಮಿಷ 28 ಸೆಕೆಂಡು. ಬ್ರಿಟನ್ನಿನಲ್ಲಿ ಉಳಿದವರು ಇಪ್ಪತ್ತು ಜನರಷ್ಟೆ. ವಿಕಿರಣದ ದೆಸೆಯಿಂದ ಒಬ್ಬ ಶ್ರೀಮಂತ ಪ್ರಭು ಬಾಡಿಗೆಯ ಕೋಣೆಯಾಗಿಬಿಡುತ್ತಾನೆ; ಒಬ್ಬ ತಾಯಿ ಕಪಾಟಾಗುತ್ತಾಳೆ, ತಂದೆ ಗಿಳಿಯಾಗುತ್ತಾನೆ. ವಾರ್ತೆ ಓದುವವನು ಬರಿದಾದ ಟೀವಿ ಪೆಟ್ಟಿಗೆಯ ಹಿಂದೆ ಕುಳಿತು ವಾರ್ತೆ ಓದುತ್ತಾನೆ. ಬಲೂನಿಗೆ ಜೋತುಬಿದ್ದ ಮುರುಕು ಕಾರಿನಿಂದ ಪೊಲೀಸರು, ‘ನಿಲ್ಲಬೇಡಿ, ಮುಂದೆ ಸಾಗಿ’ ಎಂದು ಕೂಗುತ್ತಾರೆ. ಹೋಗುವುದಕ್ಕೆ ಊರೇ ಇಲ್ಲ! ಚಂದ್ರಕಾಂತ ಕುಸನೂರರ ಅಸಂಗತ ನಾಟಕಗಳನ್ನು ಬಲ್ಲವರಿಗೆ ಈ ಬಗೆ ತೀರ ಹೊಸತೆನಿಸಲಾರದು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಆದರೆ ಅದು ತೋರಿದ ಸತ್ಯ ಸೋಲಲಿಲ್ಲ: ಪ್ರಳಯವನ್ನು ತರುವವರು ಗ್ರಹಗಳಲ್ಲ, ಮನುಷ್ಯರು, ತಂದ ಮೇಲೂ ಅವರು ದರ್ಜೆ, ಪದವಿ, ಕಡತಗಳನ್ನು ಬಿಡುವುದಿಲ್ಲ.

ಇತಿಹಾಸವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಆ 1962ರಲ್ಲಿ ಜಗತ್ತು ನಿಜವಾಗಿ ಅಂಚಿಗೆ ಬಂದದ್ದು ಫೆಬ್ರುವರಿಯಲ್ಲಲ್ಲ, ಅಕ್ಟೋಬರ್ 16ರಿಂದ 28ರವರೆಗಿನ 13 ದಿನಗಳಲ್ಲಿ. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿರುವುದು ತಿಳಿದು ಅಮೆರಿಕ ಮತ್ತು ರಷ್ಯಾ ಅಣ್ವಸ್ತ್ರ ಹಿಡಿದು ಎದುರುಬದುರಾದವು. 27ರಂದು ಸೋವಿಯತ್ ಜಲಾಂತರ್ಗಾಮಿಯೊಂದರ ಕಪ್ತಾನ ಅಣುಟಾರ್ಪೆಡೊ ಪ್ರಯೋಗಿಸಲು ಮುಂದಾದಾಗ, ಅದರಲ್ಲಿದ್ದ ವಸಿಲಿ ಆರ್ಖಿಪೋವ್ ಎಂಬ ಅಧಿಕಾರಿ ಒಪ್ಪಿಗೆ ಕೊಡಲಿಲ್ಲ. ಒಬ್ಬನ ವಿವೇಕ ಎಷ್ಟು ಜನರನ್ನು ಉಳಿಸಿತೋ! ಅದೇ ತಿಂಗಳ 20ರಂದು ನಮ್ಮ ಗಡಿಯಲ್ಲಿ ಚೀನದ ದಾಳಿಯೂ ಆರಂಭವಾಯಿತು. ಫೆಬ್ರುವರಿಯ ಮೂರು ದಿನಗಳ ಮೇಲೆ ಕಣ್ಣಿಟ್ಟವರಿಗೆ ಅಕ್ಟೋಬರ್ ಕಾಣಲಿಲ್ಲ.

ಮುಂದೆ 1979ರಲ್ಲಿ ನಾನು ಕಾಲೇಜಿನಲ್ಲಿದ್ದಾಗ ಸ್ಕೈಲ್ಯಾಬ್ ಬೀಳುವ ಭಯ ಬಂದಿತು. 70 ಟನ್ನಿಗೂ ಮಿಕ್ಕಿದ ಆ ಅಮೆರಿಕದ ವ್ಯೋಮನಿಲ್ದಾಣ ಜುಲೈ 11ರಂದು ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಚೂರುಚೂರಾಗಿ ಬಿದ್ದಿತು, ಯಾರಿಗೂ ಗಾಯವಾಗಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 11ರಂದು, ಗುಜರಾತಿನ ಮೋರ್ಬಿಯ ಮೇಲೆ ಮಚ್ಛು ಅಣೆಕಟ್ಟು ಒಡೆದು ಸಾವಿರಾರು ಜನ ನೀರುಪಾಲಾದರು. ಅದಕ್ಕೆ ಯಾರೂ ತಾರೀಖು ಹೇಳಿರಲಿಲ್ಲ. ಸ್ಕೈಲ್ಯಾಬ್‌ನ ಆ ಭಯವನ್ನೇ ತೆಲಂಗಾಣದ ಒಂದು ಹಳ್ಳಿಯಲ್ಲಿ ನಿಲ್ಲಿಸಿ 2021ರಲ್ಲಿ ‘ಸ್ಕೈಲ್ಯಾಬ್’ ಎಂಬ ತೆಲುಗು ನಗೆಚಿತ್ರ ಬಂದಿತು. ನಿರ್ದೇಶಕರು ವಿಶ್ವಕ್ ಖಂಡೇರಾವ್; ಬೆಂಗಳೂರಿನಲ್ಲಿ ಹುಟ್ಟಿದ ನಿತ್ಯಾ ಮೆನನ್ ಅದರ ಮುಖ್ಯ ನಟಿ. ಸಿಕ್ಕರೆ ನೋಡಿರಿ.

ನಮಗೂ ಇದು ದೂರದ ಮಾತಲ್ಲ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ, ಮನೆ ಕಳೆದುಕೊಂಡವರಿಗೆ ಅದೇ ಪ್ರಳಯವಾಗಿತ್ತು. ಆಗ ಬೇಕಾಗಿದ್ದುದು ರಾಶಿಫಲವಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೆಂಬ ಸಕಾಲದ ಸುದ್ದಿ.

ನಿಮ್ಮ ಮೊಬೈಲುಗಳಿಗೆ ಆಗಾಗ ಜಗತ್ತು ಮುಳುಗುವ ದಿನಾಂಕಗಳು ಬರುತ್ತಿರುತ್ತವೆ, ನನಗೂ ಕಳುಹಿಸುತ್ತೀರಿ. ಅವನ್ನು ನಕ್ಕು ಬಿಡಿರಿ. ಆದರೆ ಮಳೆಗಾಲದಲ್ಲಿ ಹೊಳೆಯ ಮಟ್ಟದ ಸುದ್ದಿ ಬಂದರೆ ನಗಬೇಡಿರಿ. ಅದನ್ನು ಮೊದಲು ದಂಡೆಯ ಮನೆಗಳಿಗೆ ಮುಟ್ಟಿಸಿರಿ.