ಉಪ್ಪುನೀರಿನ ಕಗ್ಗ

'ಕಗ್ಗ' ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವವರು ಡಿ.ವಿ.ಜಿ.ಯವರ ಮಂಕುತಿಮ್ಮ. ಆ ಪುಸ್ತಕ ಅಚ್ಚಾದದ್ದು 1943ರಲ್ಲಿ. ಆದರೆ ಉತ್ತರ ಕನ್ನಡದ ಕರಾವಳಿಯಲ್ಲಿ ಹುಟ್ಟಿದ ನನ್ನಂಥವನಿಗೆ ಆ ಶಬ್ದ ಮೊದಲು ನೆನಪಿಗೆ ತರುವುದು ಪದ್ಯವನ್ನಲ್ಲ, ಗಂಜಿಯನ್ನು. ಕಗ್ಗವೆಂಬುದು ನಮ್ಮಲ್ಲಿ ಒಂದು ಭತ್ತದ ಹೆಸರು. ಹೊಟ್ಟು ಕಪ್ಪಾಗಿದ್ದರೆ ಕರಿ ಕಗ್ಗ. ಒಳಗಿನ ಅಕ್ಕಿ ಕೆಂಪು. ಅಂಕೋಲೆಯ ಬಳಿ ಗಂಗಾವಳಿ ಹೊಳೆಯ ದಂಡೆಯಲ್ಲಿದ್ದ ನಮ್ಮ ಸೋದರಮಾವನ ಮನೆಯಲ್ಲಿ ಬೇಸಿಗೆಯ ರಜೆಯ ಬೆಳಿಗ್ಗೆಗಳಲ್ಲಿ ಆ ಅಕ್ಕಿಯ ಗಂಜಿ, ಒಂದು ತುಣುಕು ಒಣಮೀನು, ಮಾವಿನ ಮಿಡಿಯ ಉಪ್ಪಿನಕಾಯಿ ಇವಿಷ್ಟೂ ಸೇರಿದರೆ ನನಗೆ ಸ್ವರ್ಗವೆನಿಸುತ್ತಿತ್ತು. ಆ ಕೆಂಪು ಅಗುಳಿನ ಹಿಂದೆ ಇಷ್ಟು ದೊಡ್ಡ ಇತಿಹಾಸವಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ. ಬಡಿಸಿದ ಅತ್ತೆಗೂ ಅದು ಇತಿಹಾಸವೆಂದು ತೋರಿರಲಾರದು.

ಕಾರವಾರದಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಹೊರಟವನು ಒಂದರ ಹಿಂದೊಂದು ಹೊಳೆಯನ್ನು ದಾಟುತ್ತಾನೆ. ಕಾರವಾರದ ಮಗ್ಗುಲಿಗೆ ಕಾಳಿ. ಅಂಕೋಲೆಯನ್ನು ದಾಟಿದರೆ ಗಂಗಾವಳಿ. ಕುಮಟೆಯ ಸೀಮೆಗೆ ಬಂದರೆ ಅಘನಾಶಿನಿ. ಘಟ್ಟದಿಂದ ಇಳಿದ ಈ ಹೊಳೆಗಳು ಕಡಲನ್ನು ಸೇರುವ ಅಳಿವೆಗಳಲ್ಲಿ ದಿನಕ್ಕೆರಡು ಬಾರಿ ಭರತದ ನೀರು ಮೇಲೇರಿ ಬರುತ್ತದೆ, ಎರಡು ಬಾರಿ ಇಳಿದು ಹೋಗುತ್ತದೆ. ಹೀಗೆ ಸಿಹಿನೀರಿಗೂ ಉಪ್ಪುನೀರಿಗೂ ನಡುವಣ ಕದನಭೂಮಿಯಾದ ತಗ್ಗು ನೆಲಕ್ಕೆ ನಮ್ಮವರು 'ಗಜನಿ' ಎನ್ನುತ್ತಾರೆ. ಮಣ್ಣಿನ ಏರಿಯನ್ನು ಕಟ್ಟಿ, ಅದಕ್ಕೊಂದು ಹಲಗೆಬಾಗಿಲನ್ನಿಟ್ಟು, ಭರತ ಬಂದಾಗ ಮುಚ್ಚಿ ಇಳಿತದಲ್ಲಿ ತೆರೆದು, ನಮ್ಮ ಹಿರಿಯರು ಆ ನೆಲದಲ್ಲಿ ಭತ್ತವನ್ನು ತೆಗೆದರು.

ಅದರ ಕ್ರಮ ಹೀಗೆ. ಬೇಸಿಗೆಯಲ್ಲಿ ಗದ್ದೆಯನ್ನು ಒಣಗಿಸಿ ಹಸನು ಮಾಡುತ್ತಾರೆ. ಮಳೆಗಾಲದ ಮೊದಲ ಮಳೆ ಮಣ್ಣಿನ ಉಪ್ಪನ್ನು ಕರಗಿಸಿದಾಗ ಇಳಿತದ ಹೊತ್ತು ನೋಡಿ ಬಾಗಿಲು ತೆರೆದು ಆ ನೀರನ್ನು ಹೊಳೆಗೆ ಬಿಡುತ್ತಾರೆ. ಆಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಎರಚುತ್ತಾರೆ. ನಾಟಿಯಿಲ್ಲ, ಗೊಬ್ಬರವಿಲ್ಲ, ಹೊಳೆ ತಂದ ಮೆಕ್ಕಲೇ ಗೊಬ್ಬರ. ನೆರೆ ಬಂದು ಪೈರು ಕೆಲವು ದಿನ ಮುಳುಗಿದರೂ ನೀರಿಳಿದ ಮೇಲೆ ತಲೆಯೆತ್ತುತ್ತದೆ. ಮಳೆ ಹಿಂದೆಗೆದ ಮೇಲೆ ಕೊಯ್ಲು. ಕೊಯ್ಲು ಮುಗಿದೊಡನೆ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆ ಮೀನು ಸಿಗಡಿಗಳ ಮನೆಯಾಗುತ್ತದೆ. ಆರು ತಿಂಗಳು ಅನ್ನ, ಆರು ತಿಂಗಳು ಮೀನು.

ಅಂಕೋಲೆಗೂ ಉಪ್ಪಿಗೂ ಇರುವ ನಂಟನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. 1930ರ ಎಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅದರ ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ಅಂಕೋಲೆಯ ರೈತರು ಕಂದಾಯ ಕೊಡಲಾರೆವೆಂದು ನಿಂತು ಹೊಲ ಮನೆ ಕಳೆದುಕೊಂಡರು. 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಊರಿಗೆ ಬಂದದ್ದು ಆ ತ್ಯಾಗದಿಂದ. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ, ಹೇಳಲೂ ಬೇಕು. ಆದರೆ ಅದೇ ರೈತರು ಅದಕ್ಕಿಂತ ಎಷ್ಟೋ ಮೊದಲಿನಿಂದ ಉಪ್ಪಿನೊಡನೆ ಇನ್ನೊಂದು ಸತ್ಯಾಗ್ರಹವನ್ನು ನಡೆಸುತ್ತಿದ್ದರು. ಅದಕ್ಕೆ ತಾರೀಕಿಲ್ಲ, ಮುಂದಾಳಿನ ಹೆಸರಿಲ್ಲ. ಪ್ರತಿ ವರ್ಷ ಉಪ್ಪೇರಿದ ಗದ್ದೆಯಲ್ಲಿ ಸಾಯದೆ ಉಳಿದ ತೆನೆಯನ್ನು ಆರಿಸಿ, ಅದನ್ನೇ ಮರುವರ್ಷದ ಬೀಜಕ್ಕೆ ಇಟ್ಟುಕೊಳ್ಳುವುದು, ಇಷ್ಟೇ ಅದರ ವಿಧಿ. ನೂರಾರು ವರ್ಷ ಹೀಗೆ ಆರಿಸುತ್ತ ಬಂದದ್ದರ ಫಲವೇ ಕಗ್ಗ. ಇದನ್ನು ತಳಿ ಸಂಶೋಧನೆಯೆನ್ನದೆ ಮತ್ತೇನೆನ್ನೋಣ?

ಈ ನೆಲದ ಬಗ್ಗೆ ಬರೆದವರು ಇಲ್ಲದಿಲ್ಲ. ಟಿಪ್ಪು ಮಡಿದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ 1801ರಲ್ಲಿ ನಮ್ಮ ಕರಾವಳಿಗೂ ಬಂದ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಸೇರಿ ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. 1883ರಲ್ಲಿ ಜಿಲ್ಲೆಯ ಗ್ಯಾಸೆಟಿಯರ್ ಹೊರಬಂತು. ಇವೆಲ್ಲ ಬೆಲೆಯುಳ್ಳ ಗ್ರಂಥಗಳೇ. ಆದರೆ ಅವುಗಳ ಹಿಂದಿದ್ದ ಮುಖ್ಯ ಪ್ರಶ್ನೆ ಒಂದು: ಈ ನೆಲದಿಂದ ಎಷ್ಟು ಕಂದಾಯ ಹುಟ್ಟೀತು? ಬೀಜವನ್ನು ಆರಿಸಿದ ಕೈ ಯಾರದೆಂದು ಕೇಳುವುದು ಸರಕಾರದ ಕೆಲಸವಾಗಿರಲಿಲ್ಲ.

ಆ ಕೆಲಸಕ್ಕೆ ಬೆಲೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮುಂಬಯಿ ಪ್ರಾಂತದ ಕೃಷಿ ಇಲಾಖೆಯವರು ಪನವೇಲಿನಲ್ಲಿ ಉಪ್ಪುನೆಲದ ಸಂಶೋಧನೆಗೆ ಕೈಹಾಕಿ, ಕೊಂಕಣದ ರೈತರ ಹಳೆಯ ಭತ್ತಗಳಿಂದಲೇ 'ಕಾಳಾ ರಾತಾ', 'ಭೂರಾ ರಾತಾ' ಎಂಬ ತಳಿಗಳನ್ನು ಆರಿಸಿದರು. ಒರಿಸ್ಸಾದಲ್ಲಿ 'ಎಸ್.ಆರ್. 26ಬಿ' ಬಂತು. ಆಗಿನ ಸಂಶೋಧಕನೂ ಮಾಡಿದ್ದು ರೈತ ಮಾಡಿದ್ದನ್ನೇ. ಅವನ ಬಳಿ ಅಂಕಿಯ ಪುಸ್ತಕವೊಂದು ಹೆಚ್ಚಿಗೆ ಇತ್ತು, ಅಷ್ಟೆ.

ಆದರೆ 1960ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆ 1966ರಲ್ಲಿ 'ಐ.ಆರ್. 8' ಎಂಬ ಗಿಡ್ಡ ಭತ್ತವನ್ನು ಹೊರತಂದಿತು; ನಮ್ಮ ದೇಶದ 'ಜಯಾ' 1968ರಲ್ಲಿ ಬಂತು. ಹಸಿದ ದೇಶಕ್ಕೆ ಇವು ಅನ್ನವಿಕ್ಕಿದವೆಂಬುದನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಗಿಡ್ಡ ಭತ್ತಕ್ಕೆ ಬೇಕಾದದ್ದು ಹತೋಟಿಯ ನೀರು ಮತ್ತು ಚೀಲದ ಗೊಬ್ಬರ. ಎದೆಮಟ್ಟದ ನೆರೆಯೂ ಉಪ್ಪೂ ಬರುವ ಗಜನಿಯಲ್ಲಿ ಅದು ಏನು ಮಾಡೀತು? ಭತ್ತವನ್ನು ನೆಲಕ್ಕೆ ಹೊಂದಿಸುವ ಬದಲು ನೆಲವನ್ನೇ ಭತ್ತಕ್ಕೆ ಹೊಂದಿಸುವ ಯೋಚನೆ ಬಲಗೊಂಡಿತು. ಮುಂಬಯಿ ಸರಕಾರ 1948ರಲ್ಲಿಯೇ ಖಾರ್‌ಲ್ಯಾಂಡ್ ಕಾಯಿದೆಯನ್ನು ಮಾಡಿತ್ತು. ನಮ್ಮ ಅಳಿವೆಗಳಲ್ಲಿಯೂ ಮುಂದೆ ಕಲ್ಲಿನ ಏರಿಗಳೆದ್ದವು. ಮಣ್ಣಿನ ಏರಿಯನ್ನು ವರ್ಷವರ್ಷವೂ ಊರವರೆಲ್ಲ ಕೂಡಿ ಕಟ್ಟುತ್ತಿದ್ದರು. ಕಲ್ಲಿನ ಏರಿ ಬಂದ ಮೇಲೆ ಕೂಡುವ ಅಗತ್ಯ ಕಡಮೆಯಾಯಿತು. ಅದು ಸರಕಾರದ ಏರಿ, ಒಡೆದರೆ ಸರಕಾರ ನೋಡಿಕೊಳ್ಳಲಿ ಎಂಬ ಮಾತು ಬಂತು. ಆಮೇಲೆ ಸಿಗಡಿಗೆ ಹೊರದೇಶದ ಬೆಲೆ ಬಂದಾಗ ಬಾಗಿಲನ್ನು ತೆರೆಯುವ ಹೊತ್ತನ್ನು ನಿರ್ಣಯಿಸುವುದು ಭತ್ತದ ಬದಲು ಸಿಗಡಿಯಾಯಿತು. ಗಜನಿಯ ಕಷ್ಟವೇ ಇದು: ಒಬ್ಬ ಬಾಗಿಲು ತೆರೆದರೆ ಹತ್ತು ಜನರ ಗದ್ದೆಗೆ ಉಪ್ಪು ನುಗ್ಗುತ್ತದೆ. ಅಲ್ಲಿ ಒಬ್ಬನೇ ಭತ್ತ ಬೆಳೆಯಲಾರ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೊಳಗಳಿಗೆ ಕಡಿವಾಣ ಹಾಕಿತು. ಆದರೆ ಬಿತ್ತನೆ ಬಿಟ್ಟ ಗದ್ದೆಗೆ ಬೀಜವನ್ನು ಮರಳಿ ತರುವ ಶಕ್ತಿ ಯಾವ ತೀರ್ಪಿಗೂ ಇಲ್ಲ.

ಇತ್ತ ನಮ್ಮಲ್ಲಿ ಕಗ್ಗ ಹಿಂದೆ ಸರಿಯುತ್ತಿದ್ದ ಕಾಲದಲ್ಲೇ ಅತ್ತ ದೊಡ್ಡ ದೊಡ್ಡ ಪ್ರಯೋಗಶಾಲೆಗಳು ಅದರ ಬಂಧುಗಳನ್ನು ಹುಡುಕತೊಡಗಿದ್ದವೆಂಬುದು ಈ ಇತಿಹಾಸದ ವಿನೋದ. ಉಪ್ಪು ಭತ್ತವನ್ನು ಹೇಗೆ ಕೊಲ್ಲುತ್ತದೆ? ಬೇರಿನ ಸುತ್ತ ಉಪ್ಪು ಹೆಚ್ಚಿದರೆ ಗಿಡ ನೀರಿನ ನಡುವೆಯೇ ಬಾಯಾರುತ್ತದೆ. ಅಷ್ಟೇ ಅಲ್ಲ, ಉಪ್ಪಿನ ಸೋಡಿಯಂ ರಸದೊಡನೆ ಮೇಲೇರಿ ಎಲೆಯನ್ನು ಸೇರಿ, ಅಲ್ಲಿರಬೇಕಾದ ಪೊಟ್ಯಾಸಿಯಂನ ಕೆಲಸವನ್ನು ಕೆಡಿಸುತ್ತದೆ. ಸಮುದ್ರದ ನೀರಿನ ಹತ್ತನೆಯ ಒಂದು ಪಾಲಿನಷ್ಟು ಉಪ್ಪಿದ್ದರೂ ಸಾಧಾರಣ ಭತ್ತದ ಇಳುವರಿ ಕುಗ್ಗುತ್ತದೆ. ಬಂಗಾಳದ ಕರಾವಳಿಯ 'ನೋನಾ ಬೊಕ್ರಾ' ಎಂಬ ಭತ್ತ ಏಕೆ ಸಾಯುವುದಿಲ್ಲವೆಂದು ಚೀನ ಮತ್ತು ಅಮೆರಿಕದ ವಿಜ್ಞಾನಿಗಳು ಹುಡುಕಿ, 2005ರಲ್ಲಿ ಅದರ ಒಂದು ಜೀನನ್ನು ಗುರುತಿಸಿದರು. ಅದು ಬಾಗಿಲು ಕಾಯುವವನ ಕೆಲಸ ಮಾಡುತ್ತದೆ: ಮೇಲಕ್ಕೇರುವ ರಸದಿಂದ ಸೋಡಿಯಂ ಅನ್ನು ಬೇರಿನಲ್ಲೇ ಹಿಂದಕ್ಕೆಳೆದು, ಎಲೆಗೆ ಹೋಗಗೊಡುವುದಿಲ್ಲ. ಗಜನಿಯ ಏರಿಯಲ್ಲಿ ನಮ್ಮ ಹಿರಿಯರು ಇಟ್ಟ ಹಲಗೆಬಾಗಿಲಿನಂಥದೇ ಒಂದು ಬಾಗಿಲು ಭತ್ತದ ಬೇರಿನೊಳಗೂ ಇದೆಯೆಂದು ಓದಿದಾಗ ನನಗಾದ ಬೆರಗು ಇನ್ನೂ ಆರಿಲ್ಲ.

ಕೇರಳದ ಅಳಿವೆಗಳ 'ಪೊಕ್ಕಾಳಿ' ಕಗ್ಗಕ್ಕೆ ತೀರ ಹತ್ತಿರದ ನಂಟ. ಅದನ್ನು ಬೆಳೆಯುವ ರೀತಿಯೂ ಹೆಚ್ಚುಕಡಮೆ ಅದೇ. ಫಿಲಿಪೈನ್ಸಿನ ಸಂಸ್ಥೆಯವರು ಪೊಕ್ಕಾಳಿಯಿಂದ 'ಸಾಲ್ಟಾಲ್' ಎಂಬ ತುಣುಕನ್ನು ಗುರುತಿಸಿದರು. ಭತ್ತದ ಹನ್ನೆರಡು ವರ್ಣತಂತುಗಳಲ್ಲಿ ಮೊದಲನೆಯದರ ಮೇಲೆ ಅದರ ಸ್ಥಾನ. ಹಿಂದೆ ಅಡ್ಡತಳಿ ಮಾಡಿದವನು ಗಿಡ ಬೆಳೆದು ತೆನೆಯಾಗುವವರೆಗೆ ಕಾಯಬೇಕಿತ್ತು. ಈಗ ಸಸಿಯ ಎಲೆಯ ಚೂರನ್ನು ಪರೀಕ್ಷಿಸಿ, ಬೇಕಾದ ತುಣುಕು ಬಂದಿದೆಯೇ ಎಂದು ಹೇಳಬಹುದು. ಒರಿಸ್ಸಾದ 'ಎಫ್.ಆರ್. 13ಎ' ಎಂಬ ಹಳೆಯ ಭತ್ತದ ಮುಳುಗು ತಾಳುವ ಗುಣವನ್ನು ಹೀಗೆಯೇ ಹೆಸರಾಂತ 'ಸ್ವರ್ಣ' ಭತ್ತಕ್ಕೆ ತಂದು 2009ರಲ್ಲಿ ರೈತರಿಗೆ ಕೊಟ್ಟರು. ಎರಡು ವಾರದ ನೆರೆಯನ್ನೂ ಅದು ತಾಳಿಕೊಳ್ಳುತ್ತದೆ. 2025ರ ಮೇ ತಿಂಗಳಲ್ಲಿ ಜೀನನ್ನೇ ತಿದ್ದಿ ತಯಾರಿಸಿದ ಎರಡು ಭತ್ತಗಳನ್ನು ಭಾರತ ಪ್ರಕಟಿಸಿತು. ಅವುಗಳಲ್ಲಿ 'ಪೂಸಾ ಡಿ.ಎಸ್.ಟಿ. ರೈಸ್ 1' ಬರವನ್ನೂ ಉಪ್ಪನ್ನೂ ತಾಳಬೇಕೆಂದು ಮಾಡಿದ್ದು.

ಇವನ್ನೆಲ್ಲ ಓದಿ ನಾನು ಹಿಗ್ಗುತ್ತೇನೆ. ಕಡಲು ಮೇಲೇರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ಭತ್ತ ಬೇಕೇಬೇಕು. ವಿಜ್ಞಾನವನ್ನು ಹಳಿದು ಹಳೆಯದನ್ನು ಹಾಡುವ ಜಾಯಮಾನ ನನ್ನದಲ್ಲ. ಆದರೆ ಒಂದು ಮಾತನ್ನು ಹೇಳಬೇಕು. ಒಂದು ಜೀನು ಒಂದು ಬೀಗದ ಕೈ ಮಾತ್ರ. ಕಗ್ಗ ಇಡೀ ಮನೆ. ಉಪ್ಪು ತಾಳುವುದು, ನೆರೆಯಲ್ಲಿ ಉಸಿರು ಹಿಡಿಯುವುದು, ಎತ್ತರಕ್ಕೆ ಬೆಳೆಯುವುದು, ಗೊಬ್ಬರವಿಲ್ಲದೆ ತೆನೆಗಟ್ಟುವುದು, ಇವೆಲ್ಲ ಒಂದೇ ಕಾಳಿನೊಳಗೆ ಒಗ್ಗೂಡಿದ್ದು ಆ ಅಳಿವೆಯ ಆ ಗದ್ದೆಯಲ್ಲಿ. ಇನ್ನೊಂದು ಮಾತು: ಪ್ರಯೋಗಶಾಲೆಗೆ ಹುಡುಕುವ ಶಕ್ತಿಯಿದೆ, ತಿದ್ದುವ ಶಕ್ತಿಯೂ ಇದೆ, ಆದರೆ ಹುಡುಕಲು ಮೊದಲು ಬೀಜ ಉಳಿದಿರಬೇಕು. ನೋನಾ ಬೊಕ್ರಾವನ್ನು ಯಾವನೋ ಬಂಗಾಳಿ ರೈತ ಬಿತ್ತುವುದನ್ನು ನಿಲ್ಲಿಸಿ, ಯಾರೂ ಅದನ್ನು ಸಂಗ್ರಹಿಸದೆ ಹೋಗಿದ್ದರೆ 2005ರ ಶೋಧ ಎಲ್ಲಿಂದ ಬರುತ್ತಿತ್ತು? ದಿಲ್ಲಿಯಲ್ಲಿ ರಾಷ್ಟ್ರೀಯ ಬೀಜಕೋಶವಿದೆ, ಧ್ರುವದ ಬಳಿ ಸ್ವಾಲ್ಬಾರ್ಡಿನಲ್ಲಿ 2008ರಿಂದ ಜಗತ್ತಿನ ಬೀಜಗಳ ನೆಲಮಾಳಿಗೆಯಿದೆ. ಅಲ್ಲಿ ಬೀಜ ನಿದ್ರಿಸುತ್ತದೆ. ಗದ್ದೆಯಲ್ಲಿ ಮಾತ್ರ ಅದು ಕಡಲಿನೊಡನೆ ಕಲಿಯುತ್ತ ಹೋಗುತ್ತದೆ. 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನ ತಳಿಯನ್ನು ಅವನ ಹೆಸರಿನಲ್ಲಿ ನೋಂದಾಯಿಸಲು ಎಡೆಮಾಡಿತು. ಒಳ್ಳೆಯದೇ. ಆದರೆ ನೋಂದಣಿಯ ಕಾಗದ ಮೊಳೆಯುವುದಿಲ್ಲ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ; ನಾಚಿಕೆಪಟ್ಟು ಕಲಿತೆ. 2017ರಲ್ಲಿ ಮಾವನ ಮನೆಗೆ ಹೋದಾಗ ಅಟ್ಟದ ಮೇಲಿನ ಹುಲ್ಲಿನ ಮುಡಿಯಿಂದ ಎರಡು ಹಿಡಿ ಕರಿ ಕಗ್ಗವನ್ನು ತಂದು, ಬೆಂಗಳೂರಿನ ನನ್ನ ಮನೆಯ ಪುಸ್ತಕದ ಕಪಾಟಿನಲ್ಲಿ ಗಾಜಿನ ಭರಣಿಯೊಂದರಲ್ಲಿ ಇಟ್ಟಿದ್ದೆ. ಬಂದವರಿಗೆಲ್ಲ ತೋರಿಸಿ, ಉಪ್ಪಿನ ಸತ್ಯಾಗ್ರಹದಿಂದ ಮೊದಲ್ಗೊಂಡು ಜೀನಿನವರೆಗೆ ಒಂದು ಉಪನ್ಯಾಸ ಕೊಡುವುದು ನನಗೆ ರೂಢಿಯಾಗಿತ್ತು. 2019ರ ಆಗಸ್ಟಿನ ಮಹಾನೆರೆಯಲ್ಲಿ ಗಂಗಾವಳಿ ಉಕ್ಕಿ, ಮಾವನ ಗದ್ದೆಯ ಪೈರಿನ ಮೇಲೆ ಹೂಳು ಕೂತಿತು. ಮುಳುಗು ತಾಳುವ ಕಗ್ಗ ಹೂಳನ್ನು ತಾಳಲಿಲ್ಲ. ಬೀಜಕ್ಕೆಂದು ಉಳಿದಿದ್ದುದೂ ಮನೆಗೆ ನುಗ್ಗಿದ ನೀರಿನಲ್ಲಿ ಹೋಯಿತು. ಮರುವರ್ಷ ಬಿತ್ತನೆಯ ಕಾಲ ಹತ್ತಿರವಾದಾಗ ಮಾವ ಫೋನು ಮಾಡಿ, "ನೀನು ಒಯ್ದದ್ದು ಇದೆಯೇನೋ?" ಎಂದು ಕೇಳಿದರು.

ಇದೆ ಎಂದು ಹೆಮ್ಮೆಯಿಂದ ಹೇಳಿದೆ. ಕಳಿಸುವ ಮೊದಲು ನೋಡೋಣವೆಂದು ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮೂರು ದಿನ ಕಾದೆ, ಐದು ದಿನ ಕಾದೆ, ಎಂಟು ದಿನ ಕಾದೆ. ಒಂದೂ ಮೊಳೆಯಲಿಲ್ಲ. ಬೀಜವನ್ನು ಹಾಗೆ ಸುಮ್ಮನೆ ಇಟ್ಟರೆ ಒಂದೆರಡು ವರ್ಷಕ್ಕಿಂತ ಹೆಚ್ಚು ಬದುಕದೆಂಬ, ಹಳ್ಳಿಯ ಹುಡುಗನಿಗೂ ಗೊತ್ತಿರುವ ಸಂಗತಿ ಇಷ್ಟೆಲ್ಲ ಉಪನ್ಯಾಸ ಮಾಡಿದ ನನಗೆ ಹೊಳೆದಿರಲಿಲ್ಲ.

ಮಾವ ಬೈಯಲಿಲ್ಲ. ಹೊಳೆಯಾಚೆಯ ಒಂದು ಊರಿನಲ್ಲಿ ಒಬ್ಬರು ಇನ್ನೂ ಕಗ್ಗ ಬಿತ್ತುತ್ತಿದ್ದಾರೆಂದು ತಿಳಿದು, ಅವರಿಂದ ಒಂದು ಮುಡಿ ಕಡ ತಂದು, ಆ ವರ್ಷವೂ ಬಿತ್ತಿದರು. ಆಗ ನನಗೆ ಕರನಿರಾಕರಣೆಯ ದಿನಗಳು ನೆನಪಾದವು. ಅಂದು ಮುಟ್ಟುಗೋಲಾದ ಜಮೀನು ಮುಂದೆ ಮುಂಬಯಿಯ ಕಾಂಗ್ರೆಸ್ ಸರಕಾರದ ಕಾಲದಲ್ಲಿ ರೈತರಿಗೆ ಮರಳಿತೆಂದು ಇತಿಹಾಸದಲ್ಲಿದೆ. ಆ ನಡುವಣ ವರ್ಷಗಳಲ್ಲಿ ಜಮೀನಿಲ್ಲದವರ ಬೀಜ ಅವರ ಅಟ್ಟದ ಮೇಲೆ ಬದುಕಿರಲಾರದು. ಎಲ್ಲೋ ಒಂದು ಗದ್ದೆಯಲ್ಲಿ ಯಾರೋ ನೆರೆಯವರು ಅದನ್ನು ಬಿತ್ತಿ, ಬೆಳೆದು, ಉಳಿಸಿ, ಮರಳಿ ಕೊಟ್ಟಿರಬೇಕು. ಆ ಹೆಸರು ಯಾವ ಗ್ಯಾಸೆಟಿಯರಿನಲ್ಲೂ ಇಲ್ಲ; ನಾನು ಚಿಕ್ಕಂದಿನಲ್ಲಿ ಉಂಡ ಗಂಜಿಯಲ್ಲಿ ಇತ್ತು.

ಗಾಜಿನ ಭರಣಿ ಇನ್ನೂ ನನ್ನ ಕಪಾಟಿನಲ್ಲಿದೆ. ಈಗ ಬಂದವರು ಅದೇನೆಂದು ಕೇಳಿದರೆ, ಅಕ್ಕಿಯೆನ್ನುತ್ತೇನೆ, ಬೀಜವೆನ್ನುವುದಿಲ್ಲ.